ಕುದುರೆಯ ಲೆಕ್ಕ, ಕಿಲೋದ ಲೆಕ್ಕ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಕಾಚಿ ಎಂಬ ಸರೋವರವಿದೆ. 1906ರ ಸುಮಾರಿನ ಒಂದು ಬೇಸಿಗೆಯ ದಿನ ಅದರ ದಡದಲ್ಲಿ ವನಭೋಜನಕ್ಕೆ ಸೇರಿದ್ದ ಗುಂಪಿನಲ್ಲಿ ಬೆಸ್ ಕ್ಯಾರಿ ಎಂಬ ತರುಣಿಗೆ ಐಸ್‌ಕ್ರೀಂ ತಿನ್ನುವ ಆಸೆಯಾಯಿತಂತೆ. ಅವಳ ಮೇಲೆ ಮನಸ್ಸಿಟ್ಟಿದ್ದ ಓಲೆ ಎವಿನ್‌ರೂಡ್ ತಕ್ಷಣ ದೋಣಿ ಹತ್ತಿದ. ಎರಡೂವರೆ ಮೈಲಿ ಹುಟ್ಟು ಹಾಕಿ ಆಚೆ ದಡ ಸೇರಿ, ಐಸ್‌ಕ್ರೀಂ ಕೊಂಡು, ಮತ್ತೆ ಅಷ್ಟೇ ದೂರ ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತು. ದೋಣಿಗೆ ಸಿಕ್ಕಿಸಬಹುದಾದ ಪುಟ್ಟ ಯಂತ್ರವೊಂದನ್ನು ಮಾಡಬೇಕೆಂದು ಅವನಿಗೆ ಹೊಳೆದದ್ದು ಆಗಲೇ ಎನ್ನುತ್ತಾರೆ. ಕಥೆಗೆ ತುಸು ಬಣ್ಣ ಸೇರಿರಬಹುದು. ಆದರೆ ಆ ಬೆಸ್ ಮುಂದೆ ಅವನ ಹೆಂಡತಿಯಾದದ್ದೂ, ಅವನ ಯಂತ್ರ ಜಗತ್ತಿನ ಸಣ್ಣ ದೋಣಿಗಳ ಬಾಳನ್ನೇ ಬದಲಿಸಿದ್ದೂ ನಿಜ.

1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯರೊಡನೆ ಅಮೆರಿಕಕ್ಕೆ ಬಂದ ಎವಿನ್‌ರೂಡ್ ಕಾರ್ಖಾನೆಗಳಲ್ಲಿ ಎರಕದ ಮಾದರಿಗಳನ್ನು ತಯಾರಿಸುವ ಕುಶಲಕರ್ಮಿಯಾಗಿದ್ದ. ಅವನು ಮೊದಲು ಮಾಡಿ ತಂದ ಯಂತ್ರವನ್ನು ನೋಡಿದ ಬೆಸ್, ಇದು ಕಾಫಿ ಬೀಜ ಅರೆಯುವ ಯಂತ್ರದ ಹಾಗಿದೆ ಎಂದು ನಕ್ಕಳಂತೆ. ಸುಧಾರಿಸಿದ ಇನ್ನೊಂದನ್ನು ಗೆಳೆಯನೊಬ್ಬ ಎರವಲು ಒಯ್ದು, ಮರಳಿ ಬರುವಾಗ ಹತ್ತು ಯಂತ್ರಗಳಿಗೆ ಬೇಡಿಕೆಯನ್ನೂ ಹಣವನ್ನೂ ತಂದ. 1909ರಲ್ಲಿ ಮಾರಾಟಕ್ಕೆ ಬಂದ ಆ ಯಂತ್ರದ ಶಕ್ತಿ ಒಂದೂವರೆ ಅಶ್ವಶಕ್ತಿ, ಬೆಲೆ 62 ಡಾಲರ್, ತೂಕವೂ 62 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 28 ಕಿಲೋ.

ಈ ಬಗೆಯ ಯಂತ್ರವನ್ನು ಎಲ್ಲರೂ ಈಗ ಔಟ್‌ಬೋರ್ಡ್ ಎಂದೇ ಕರೆಯುತ್ತಾರೆ. ದೋಣಿಯ ಹೊಟ್ಟೆಯೊಳಗೆ ಕೂರದೆ ಹೊರಗೆ ಜೋತುಬೀಳುವ ಎಂಜಿನ್ ಅದು. ಹಿಂಬದಿಯ ಅಡ್ಡಹಲಗೆಗೆ ಎರಡು ತಿರುಪುಗಳಿಂದ ಬಿಗಿದರೆ ಆಯಿತು. ಕೆಲಸ ಮುಗಿದ ಮೇಲೆ ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ಒಯ್ಯಬಹುದು. ಎವಿನ್‌ರೂಡ್ ಇದನ್ನು ಮಾಡಿದ ಮೊದಲಿಗನೇನೂ ಅಲ್ಲ. ಕ್ಯಾಮರಾನ್ ವಾಟರ್‌ಮನ್ ಎಂಬ ಅಮೆರಿಕನ್ ತರುಣ ಮೋಟಾರ್‌ಸೈಕಲ್ಲಿನ ಎಂಜಿನ್ನನ್ನು ದೋಣಿಗೆ ಜೋಡಿಸಿ 1905ರಲ್ಲೇ ಡೆಟ್ರಾಯಿಟ್ ನದಿಯಲ್ಲಿ ಓಡಿಸಿದ್ದ. 1907ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಅದಕ್ಕೂ ಎಷ್ಟೋ ಮೊದಲು, 1881ರಲ್ಲಿ, ಗುಸ್ತಾವ್ ಟ್ರೂವೆ ಎಂಬ ಫ್ರೆಂಚ್ ವಿದ್ಯುತ್ ತಂತ್ರಜ್ಞ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಕಳಚಿ ತೆಗೆಯಬಹುದಾದ ವಿದ್ಯುತ್ ಮೋಟಾರಿನ ದೋಣಿಯನ್ನು ನಡೆಸಿದ್ದ. ಅವನ ಮೋಟಾರಿನ ತೂಕ ಕೇವಲ 5 ಕಿಲೋ. ಆದರೆ ಅದಕ್ಕೆ ವಿದ್ಯುತ್ ಊಡಿಸುವ ಬ್ಯಾಟರಿಯ ಭಾರ ಬೇರೆ.

ಎವಿನ್‌ರೂಡ್‌ನ ಮುಂದಿನ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ವ್ಯಾಪಾರ ಬೆಳೆದಂತೆ ಪತ್ರವ್ಯವಹಾರ, ಜಾಹೀರಾತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಬೆಸ್‌ಳ ಆರೋಗ್ಯ ಕೆಟ್ಟಿತು. 1914ರಲ್ಲಿ ಅವನು ಕಂಪೆನಿಯಲ್ಲಿದ್ದ ತನ್ನ ಪಾಲನ್ನು ಪಾಲುದಾರ ಮೇಯರ್‌ನಿಗೆ ಮಾರಿ, ಐದು ವರ್ಷ ಇದೇ ವ್ಯಾಪಾರಕ್ಕೆ ಕೈಹಾಕುವುದಿಲ್ಲವೆಂದು ಒಪ್ಪಿಕೊಂಡು ಹೊರಬಂದ. ಬಿಡುವಿನ ಆ ವರ್ಷಗಳಲ್ಲಿ ಅವನ ತಲೆಯಲ್ಲಿ ಓಡಿದ್ದು ಹೆಚ್ಚು ಶಕ್ತಿಯ ವಿಚಾರವಷ್ಟೇ ಅಲ್ಲ, ಕಡಿಮೆ ತೂಕದ ವಿಚಾರ. ಕಬ್ಬಿಣ ಮತ್ತು ಕಂಚಿನ ಬದಲು ಅಲ್ಯುಮಿನಿಯಂ ಬಳಸಿ ಎರಡು ಸಿಲಿಂಡರಿನ ಹೊಸ ಯಂತ್ರ ಮಾಡಿದ. ಮೂರು ಅಶ್ವಶಕ್ತಿ, ತೂಕ 48 ಪೌಂಡು, ಅಂದರೆ ಸುಮಾರು 22 ಕಿಲೋ. ಹಳೆಯ ಪಾಲುದಾರನಿಗೆ ತೋರಿಸಿದರೆ ಅವನು ಬೇಡವೆಂದ. ಹಾಗಾಗಿ ಗಂಡಹೆಂಡಿರು 1921ರಲ್ಲಿ ‘ಎಲ್ಟೊ’ ಎಂಬ ಹೆಸರಿನಲ್ಲಿ ತಾವೇ ಮಾರಾಟಕ್ಕಿಳಿದರು. ಎವಿನ್‌ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್ ಎಂಬುದರ ಹ್ರಸ್ವರೂಪ ಅದು. ‘ಲೈಟ್’, ಅಂದರೆ ಹಗುರ, ಎಂಬುದನ್ನು ಹೆಸರಿನಲ್ಲೇ ಇಟ್ಟಿದ್ದರು. ಸರಿಸುಮಾರು ಅದೇ ಹೊತ್ತಿಗೆ ಇಂಡಿಯಾನಾ ರಾಜ್ಯದ ಜಾನ್ಸನ್ ಸಹೋದರರು 35 ಪೌಂಡಿನ, ಎರಡು ಅಶ್ವಶಕ್ತಿಯ ಯಂತ್ರವನ್ನು ತಂದರು. ಅಲ್ಲಿಂದ ಮುಂದೆ ಪೈಪೋಟಿ ನಡೆದದ್ದು ಕಿಲೋಗಳಲ್ಲಿ. 1909ರ ಯಂತ್ರದಲ್ಲಿ ಒಂದು ಅಶ್ವಶಕ್ತಿಗೆ ಸುಮಾರು 19 ಕಿಲೋ ತೂಕ ಬೀಳುತ್ತಿತ್ತು. ಎಲ್ಟೊದಲ್ಲಿ ಅದು 7 ಕಿಲೋ ಚಿಲ್ಲರೆಗೆ ಇಳಿಯಿತು. ಮುಂದಿನ ಕಾಲದ 15 ಅಶ್ವಶಕ್ತಿಯ ಟೂ-ಸ್ಟ್ರೋಕ್ ಯಂತ್ರಗಳಲ್ಲಿ ಎರಡೂವರೆ ಕಿಲೋದ ಆಸುಪಾಸಿಗೆ ಬಂತು.

ಇಷ್ಟಾದರೂ ಯಂತ್ರ ಕೊಳ್ಳಲು ಹೋದವನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಹಾರ್ಸ್‌ಪವರ್?’ ಎಂದೇ. ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಕಿಲೋ?’ ಎಂಬುದು. ಏಕೆಂದರೆ ಶಕ್ತಿ ಸಾಲದಿದ್ದರೆ ದೋಣಿ ತಡವಾಗಿ ದಡ ಸೇರುತ್ತದೆ; ತೂಕ ಹೆಚ್ಚಾದರೆ ದಡ ಸೇರದೆಯೂ ಹೋಗಬಹುದು.

ಇದರ ಗುಟ್ಟು ಭಾರ ಎಷ್ಟಿದೆ ಎಂಬುದರಲ್ಲಿ ಮಾತ್ರವಲ್ಲ, ಎಲ್ಲಿದೆ ಎಂಬುದರಲ್ಲೂ ಇದೆ. ಏತದ ಮರದ ತುದಿಗೆ ಹಗುರವಾದ ಮನುಷ್ಯ ನಡೆದರೂ ಇನ್ನೊಂದು ತುದಿ ಏಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರೂವರೆ ಮೀಟರ್ ಉದ್ದ, ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ಅಗಲವಿರುವ ಸಣ್ಣ ದೋಣಿಯೊಂದನ್ನು ಊಹಿಸಿಕೊಳ್ಳಿ. ಅದರ ನಟ್ಟನಡುವೆ 40 ಕಿಲೋದ ಮೂಟೆಯೊಂದನ್ನು ಇಟ್ಟರೆ ದೋಣಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ತಗ್ಗುತ್ತದೆ, ಅಷ್ಟೆ. ಅದೇ 40 ಕಿಲೋದ ಯಂತ್ರವನ್ನು ಹಿಂಬದಿಯ ಅಡ್ಡಹಲಗೆಗೆ ತೂಗುಹಾಕಿದರೆ ಆ ತುದಿ ಸುಮಾರು ಐದು ಸೆಂಟಿಮೀಟರ್ ತಗ್ಗುತ್ತದೆ, ಮೂತಿ ಮೇಲೇಳುತ್ತದೆ. ಯಂತ್ರ ತಾನೇ ನಡೆಯುವುದಿಲ್ಲ. ಅದರ ಹಿಡಿಕೆ ಹಿಡಿದು 65 ಕಿಲೋದ ಮನುಷ್ಯನೊಬ್ಬ ಪಕ್ಕದಲ್ಲೇ ಕೂರಬೇಕು. ಅಲ್ಲಿಗೆ ಇನ್ನೊಂದು ಏಳು ಸೆಂಟಿಮೀಟರ್. ಇದು ಸ್ಥೂಲವಾದ ಲೆಕ್ಕ. ದೋಣಿಯ ಆಕಾರದ ಮೇಲೆ ಹೆಚ್ಚುಕಡಿಮೆಯಾಗುತ್ತದೆ. ಆದರೆ ಸಣ್ಣ ಯಂತ್ರಗಳಿಗೆಂದು ಮಾಡಿದ ಅಡ್ಡಹಲಗೆಯ ಎತ್ತರ ತಳದಿಂದ 15 ಅಂಗುಲ, ಅಂದರೆ 38 ಸೆಂಟಿಮೀಟರ್ ಮಾತ್ರ. ಅದರಲ್ಲಿ ಹತ್ತು ಸೆಂಟಿಮೀಟರ್ ದೋಣಿಯ ಸ್ವಂತ ಭಾರಕ್ಕೇ ಮುಳುಗಿರುತ್ತದೆ. ಯಂತ್ರ, ಮನುಷ್ಯ ಇಬ್ಬರದೂ ಸೇರಿ ಹನ್ನೆರಡು ಕಳೆದರೆ ನೀರಿಗೂ ಹಲಗೆಯ ಅಂಚಿಗೂ ನಡುವೆ ಉಳಿಯುವುದು ಒಂದು ಗೇಣಿಗಿಂತಲೂ ಕಡಿಮೆ. ಇಂಧನದ ಡಬ್ಬಿಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. 25 ಲೀಟರ್ ಪೆಟ್ರೋಲಿನ ತೂಕವೇ 18 ಕಿಲೋ ದಾಟುತ್ತದೆ, ಅದನ್ನು ಕಾಲ ಬುಡದಲ್ಲೇ ಇಟ್ಟುಕೊಳ್ಳುವುದು ಎಲ್ಲರ ರೂಢಿ.

ದೋಣಿ ನಿಂತಾಗ ಈ ಗೇಣು ಅಂತರ ಸಾಕೆನಿಸಬಹುದು. ಅಪಾಯ ಬರುವುದು ಓಡುತ್ತಿದ್ದ ದೋಣಿಯನ್ನು ಗಕ್ಕನೆ ನಿಲ್ಲಿಸಿದಾಗ. ದೋಣಿ ತನ್ನ ಹಿಂದೆ ಎಬ್ಬಿಸಿಕೊಂಡು ಬಂದ ಅಲೆ ನಿಲ್ಲುವುದಿಲ್ಲ. ಅದು ಮುಂದೆ ನುಗ್ಗಿ ತಗ್ಗಿದ ಹಲಗೆಯನ್ನು ಹಾರಿ ಒಳಗೆ ಸುರಿಯುತ್ತದೆ. ಒಳಬಂದ ನೀರೂ ಹಿಂಬದಿಗೇ ಹರಿದು ಆ ತುದಿಯನ್ನು ಇನ್ನಷ್ಟು ಒತ್ತುತ್ತದೆ. ಎರಡನೆಯ ಅಲೆಗೆ ಕೆಲಸ ಸುಲಭ. ಮೂತಿ ಮೇಲೆದ್ದ ದೋಣಿಗೆ ಬೇರೆ ಕಾಟಗಳೂ ಇವೆ. ನಡೆಸುವವನಿಗೆ ಎದುರಿನದು ಕಾಣಿಸುವುದಿಲ್ಲ, ಗಾಳಿ ಮೂತಿಯನ್ನು ಬೇಕಾದ ಕಡೆಗೆ ತಿರುಗಿಸುತ್ತದೆ. ಅನುಭವಿಗಳು ಇಂಧನದ ಡಬ್ಬಿಯನ್ನು ಉದ್ದನೆಯ ಕೊಳವೆ ಹಾಕಿ ಮೂತಿಯ ಕಡೆಗೆ ಸರಿಸುವುದು, ಹಿಡಿಕೆಗೆ ಉದ್ದದ ಕೋಲು ಸೇರಿಸಿಕೊಂಡು ನಡುವೆ ಕೂರುವುದು ಇದಕ್ಕಾಗಿಯೇ.

ಇಷ್ಟೆಲ್ಲ ಭಾರ ಹೊತ್ತು ಸಿಗುವ ವೇಗವಾದರೂ ಎಷ್ಟು? ಇಲ್ಲೂ ಒಂದು ಕಟ್ಟುಪಾಡಿದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಹಡಗುಗಳ ಪುಟ್ಟ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು, ನೀರನ್ನು ಸೀಳಿಕೊಂಡು ಸಾಗುವ ಒಡಲು ತಾನೇ ಎಬ್ಬಿಸುವ ಅಲೆಯೊಳಗೆ ಹೇಗೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅಳೆದ. ನೀರಿಗೆ ತಾಗುವ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವಷ್ಟು ನಾಟ್ ವೇಗವನ್ನು ಇಂಥ ದೋಣಿ ಸಲೀಸಾಗಿ ದಾಟಲಾರದು. 16 ಅಡಿಯ ದೋಣಿಗೆ ಅದು ಐದೂಕಾಲು ನಾಟ್‌ಗಿಂತ ತುಸು ಹೆಚ್ಚು, ಗಂಟೆಗೆ ಹತ್ತು ಕಿಲೋಮೀಟರಿನಷ್ಟು. ಅಲ್ಲಿಯವರೆಗೆ ನಾಲ್ಕೈದು ಅಶ್ವಶಕ್ತಿಯೇ ಧಾರಾಳ. ಅದರಾಚೆಗೆ ಕುದುರೆಗಳನ್ನು ಕಟ್ಟುತ್ತ ಹೋದರೆ ಅಲೆ ದೊಡ್ಡದಾಗುತ್ತದೆ, ಹಿಂಬದಿ ಕುಸಿಯುತ್ತದೆ, ಇಂಧನ ಸುಡುತ್ತದೆ. ವೇಗ ಮಾತ್ರ ಅಷ್ಟಾಗಿ ಏರುವುದಿಲ್ಲ. ತಳ ಚಪ್ಪಟೆಯಾಗಿದ್ದು ನೀರಿನ ಮೇಲೆ ಜಾರುವಂತೆ ಮಾಡಿದ ಹಗುರ ದೋಣಿಗಳ ಮಾತು ಬೇರೆ. ಅವುಗಳಿಗೂ ಶತ್ರು ತೂಕವೇ. ಭಾರ ಹೆಚ್ಚಾದರೆ ಅವು ಜಾರುವ ಹಂತಕ್ಕೇ ಏರುವುದಿಲ್ಲ.

ಯಂತ್ರದ ಆಯ್ಕೆಯನ್ನು ಕೊಳ್ಳುವವನ ಉತ್ಸಾಹಕ್ಕೆ ಬಿಡಬಾರದೆಂದು ಅಮೆರಿಕ ಸರ್ಕಾರಕ್ಕೆ ತಡವಾಗಿಯಾದರೂ ಹೊಳೆಯಿತು. 1971ರಲ್ಲಿ ಬಂದ ದೋಣಿ ಸುರಕ್ಷತೆಯ ಕಾನೂನಿನ ಪ್ರಕಾರ, 20 ಅಡಿಗಿಂತ ಚಿಕ್ಕದಾದ ಪ್ರತಿ ಮೋಟಾರು ದೋಣಿಯ ಮೇಲೆ ಫಲಕವೊಂದನ್ನು ಹೊಡೆಯಬೇಕಾಯಿತು. ಎಷ್ಟು ಜನ, ಜನರೂ ಮೋಟಾರೂ ಸಾಮಾನೂ ಸೇರಿ ಒಟ್ಟು ಎಷ್ಟು ತೂಕ, ಗರಿಷ್ಠ ಎಷ್ಟು ಅಶ್ವಶಕ್ತಿ ಎಂಬುದು ಅದರಲ್ಲಿರುತ್ತದೆ. ಲೆಕ್ಕ ಹಾಕುವ ಬಗೆ ಸರಳವಾಗಿದೆ. ದೋಣಿಯ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಬೇಕು, ಎರಡೂ ಅಡಿಗಳಲ್ಲಿ. ಗುಣಲಬ್ಧ 35 ಅಥವಾ ಅದಕ್ಕಿಂತ ಕಡಿಮೆಯಾದರೆ 3 ಅಶ್ವಶಕ್ತಿಗಿಂತ ಹೆಚ್ಚಿನದು ಸಲ್ಲದು. 40ರಿಂದ 42 ಇದ್ದರೆ ಏಳೂವರೆ. 46ರಿಂದ 52 ಇದ್ದರೆ 15. ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಿಂಬದಿಯ ದೋಣಿಗೆ 48 ಬರುತ್ತದೆ, ಆದ್ದರಿಂದ 15 ಅಶ್ವಶಕ್ತಿ ಮಿತಿ. ಅದು ಚೂಪು ಅಂಚಿನ ಚಪ್ಪಟೆ ತಳದ ದೋಣಿಯಾದರೆ ಒಂದು ಮೆಟ್ಟಿಲು ಇಳಿದು 10. ಹಿಂಬದಿಯ ಅಗಲವನ್ನು ಸೂತ್ರದೊಳಗೆ ತಂದಿರುವುದರಲ್ಲಿ ಜಾಣತನವಿದೆ. ಭಾರ ಹೊರುವುದು ಅದೇ ತಾನೇ! ನೀರು ತುಂಬಿದರೂ ಮುಳುಗದಂತೆ ದೋಣಿಯಲ್ಲಿ ಅಡಕಬೇಕಾದ ತೇಲುವಸ್ತುವಿನ ಪ್ರಮಾಣವನ್ನು ನಿರ್ಧರಿಸಲು ಅದೇ ನಿಯಮಾವಳಿಯಲ್ಲಿ ಮೋಟಾರುಗಳ ತೂಕದ ಪಟ್ಟಿಯೊಂದೂ ಇದೆ.

ಆದರೆ ಅಶ್ವಶಕ್ತಿಯ ಹಣೆಪಟ್ಟಿಯನ್ನು ನಂಬಿ ತೂಕವನ್ನು ಊಹಿಸುವಂತಿಲ್ಲ. 9.9 ಎಂಬ ವಿಚಿತ್ರ ಅಂಕಿಯ ಯಂತ್ರಗಳನ್ನೇ ನೋಡಿ. ಅಮೆರಿಕದ ಅನೇಕ ಸರೋವರಗಳಲ್ಲಿ 10 ಅಶ್ವಶಕ್ತಿಯ ಮಿತಿಯಿದ್ದುದರಿಂದ ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಮಾಡಿ ಹುಟ್ಟಿದ ಅಂಕಿ ಅದು. ಕೆಲವು ತಯಾರಕರು 8 ಅಶ್ವಶಕ್ತಿಯ ಯಂತ್ರವನ್ನೇ ತುಸು ಬಿಗಿಗೊಳಿಸಿ 9.9 ಎಂದರು, ಕೆಲವರು 15ರದನ್ನು ಸಡಿಲಿಸಿ ಅದೇ ಹೆಸರಿಟ್ಟರು. ಹಣೆಪಟ್ಟಿ ಒಂದೇ, ತೂಕದಲ್ಲಿ ಮಾತ್ರ ಹಲವು ಕಿಲೋಗಳ ಅಂತರ. ಎರಡನೆಯ ಗೊಂದಲ ಪರಿಸರದ ಕಾಳಜಿಯಿಂದ ಬಂತು. ಟೂ-ಸ್ಟ್ರೋಕ್ ಯಂತ್ರ ಹಗುರ, ಆದರೆ ಸುಡದ ಇಂಧನವನ್ನೂ ಎಣ್ಣೆಯನ್ನೂ ನೀರಿಗೆ ಉಗುಳುತ್ತದೆ. ಹೋಂಡಾ ಕಂಪೆನಿ 1964ರಲ್ಲೇ ಫೋರ್-ಸ್ಟ್ರೋಕ್ ಔಟ್‌ಬೋರ್ಡನ್ನು ತಂದಿತ್ತಾದರೂ ಹೆಚ್ಚಿನವರು ಅತ್ತ ಹೊರಳಿರಲಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಹೊಗೆಯ ಮಿತಿಗಳನ್ನು ಹೊರಡಿಸಿ ಅವು 1998ರಿಂದ ಹಂತಹಂತವಾಗಿ ಜಾರಿಗೆ ಬಂದ ಮೇಲೆ ಗಾಳಿ ತಿರುಗಿತು. ಹಳೆಯ 15 ಅಶ್ವಶಕ್ತಿಯ ಟೂ-ಸ್ಟ್ರೋಕ್ 36 ಕಿಲೋದ ಸುಮಾರಿಗಿದ್ದರೆ, ಅದರ ಜಾಗಕ್ಕೆ ಬಂದ ಫೋರ್-ಸ್ಟ್ರೋಕ್ 50 ಕಿಲೋವನ್ನು ಮುಟ್ಟುತ್ತಿತ್ತು. ಇತ್ತೀಚಿನವು ಕೊಂಚ ಇಳಿದಿವೆ. ಯಂತ್ರಗಳು ಬದಲಾದವು, ಆದರೆ ದೋಣಿಗಳು ಹಳೆಯವೇ. ಫಲಕದ ಮೇಲಿನ ಅಶ್ವಶಕ್ತಿಯ ಮಿತಿಯನ್ನು ಚಾಚೂತಪ್ಪದೆ ಪಾಲಿಸಿದವನೂ ತನಗರಿವಿಲ್ಲದೆ ಹಳೆಯ ಹಲಗೆಗೆ ಹದಿನಾಲ್ಕು ಕಿಲೋ ಹೆಚ್ಚಿಗೆ ತೂಗುಹಾಕಿದಂತಾಯಿತು.

ಈಗ ಟ್ರೂವೆಯ ವಿದ್ಯುತ್ ಮೋಟಾರು ಲಿಥಿಯಂ ಬ್ಯಾಟರಿಯ ಬೆನ್ನೇರಿ ಮರಳಿ ಬಂದಿದೆ. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 12 ಯೂನಿಟ್. ಒಂದು ಯೂನಿಟ್ ತುಂಬಿಡಲು ಐದಾರು ಕಿಲೋ ಬ್ಯಾಟರಿ ಬೇಕು. ಬ್ಯಾಟರಿಯನ್ನು ದೋಣಿಯ ನಡುವೆ ಇಡಬಹುದೆಂಬುದೊಂದು ಸಮಾಧಾನ.

ಸರೋವರದಲ್ಲಿ ವಿಹಾರಕ್ಕೆ ಹೋಗುವವರಿಗೆ ಇದೆಲ್ಲ ಬಿಡುವಿನ ಲೆಕ್ಕ. ಹೊಟ್ಟೆಪಾಡಿಗೆ ಕಡಲಿಗಿಳಿಯುವವರಿಗೆ ಇದೇ ಲೆಕ್ಕ ಬೇರೊಂದು ರೂಪ ತಾಳಿತು ಎಂಬುದಕ್ಕೆ ನಮ್ಮ ಪಶ್ಚಿಮ ಕರಾವಳಿಯೇ ಸಾಕ್ಷಿ. ಕೇರಳದ ಸಾಂಪ್ರದಾಯಿಕ ಮೀನುಗಾರರು 1980ರ ಆಸುಪಾಸಿನಲ್ಲಿ ಔಟ್‌ಬೋರ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳತೊಡಗಿದರು. ಟ್ರಾಲ್ ದೋಣಿಗಳು ದಡದ ಹತ್ತಿರದ ಮೀನನ್ನು ಬಾಚಿ ಒಯ್ಯುತ್ತಿದ್ದಾಗ ಹುಟ್ಟು ಹಾಕುತ್ತ ಕುಳಿತರೆ ಹಿಂದೆ ಬೀಳುವುದು ಖಚಿತವಾಗಿತ್ತು. ಆದರೆ ಅವರ ಮರದ ದೋಣಿಗಳ ಎರಡು ತುದಿಗಳೂ ಚೂಪು. ಯಂತ್ರ ಬಿಗಿಯಲು ಹಿಂಬದಿಯಲ್ಲಿ ಅಡ್ಡಹಲಗೆಯೇ ಇಲ್ಲ! ಹಾಗಾಗಿ ಬದಿಗೆ ಚೌಕಟ್ಟೊಂದನ್ನು ಕಟ್ಟಿ ಅದಕ್ಕೆ ಯಂತ್ರವನ್ನು ತೂಗುಹಾಕಿದರು. ಹಿಂದಕ್ಕೆ ವಾಲುವ ಸಮಸ್ಯೆಯ ಜತೆಗೆ ಪಕ್ಕಕ್ಕೆ ವಾಲುವುದೂ ಸೇರಿತು. ಭಾರವನ್ನು ಸರಿದೂಗಿಸಲು ಆಳುಗಳು ಎದುರು ಬದಿಗೆ ಕೂರಬೇಕಾಯಿತು. ಅಂಥ ದೋಣಿಗೆ ಏಳೆಂಟು ಅಶ್ವಶಕ್ತಿಯ, ಒಬ್ಬನೇ ಹೊರಬಲ್ಲ ಜಪಾನಿ ಯಂತ್ರಗಳು ಹೊಂದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸುವ ಯಂತ್ರಗಳವು. 1980ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಮೀನುಗಾರರ ಸಂಘಗಳ ಒಕ್ಕೂಟ ಇಂಥ ಯಂತ್ರಗಳ ದುರಸ್ತಿಗೆ ಕೇಂದ್ರಗಳನ್ನು ತೆರೆಯಿತು. ಯಂತ್ರವನ್ನು ಹಿಂಬದಿಯಲ್ಲೇ ಹೊರಬಲ್ಲ ಹಗುರವಾದ ಪ್ಲೈವುಡ್ ದೋಣಿಗಳು ಹಳೆಯ ತೆಪ್ಪ, ಮರದ ದೋಣಿಗಳ ಜಾಗಕ್ಕೆ ಬಂದವು. ಯಂತ್ರಕ್ಕೆ ತಕ್ಕಂತೆ ದೋಣಿಯನ್ನೇ ಬದಲಿಸುವ ಕಾಲ ಆಗ ಶುರುವಾಯಿತು.

ಅದು ಅಲ್ಲಿಗೇ ನಿಲ್ಲಲಿಲ್ಲ. 1980ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನೇ ಸುತ್ತುವರಿಯುವ ರಿಂಗ್ ಸೀನ್ ಬಲೆ ಬಂತು. ಬಲೆ ದೊಡ್ಡದಾದಂತೆ ದೋಣಿ ಉದ್ದವಾಯಿತು, ಆಳುಗಳು ಹೆಚ್ಚಿದರು, 9.9 ಹೋಗಿ 25 ಬಂತು, ಅದು ಹೋಗಿ 40 ಬಂತು. ಕೊನೆಗೆ ಒಂದೇ ದೋಣಿಗೆ 40 ಅಶ್ವಶಕ್ತಿಯ ಎರಡು, ಮೂರು ಯಂತ್ರಗಳು. ಹಿಂಡಿನ ಬಳಿಗೆ ಮೊದಲು ತಲುಪಿದವನಿಗೆ ಮೀನು ಎಂದ ಮೇಲೆ ಪಕ್ಕದವನಿಗಿಂತ ಒಂದು ಕುದುರೆಯಾದರೂ ಹೆಚ್ಚಿರಲೇಬೇಕಲ್ಲ. ಎಲ್ಲರ ಬಳಿಯೂ ಅಷ್ಟೇ ಕುದುರೆಗಳಾದಾಗ ಯಾರಿಗೂ ಲಾಭವಿಲ್ಲ. ಸೀಮೆಎಣ್ಣೆಯ ಖರ್ಚು ಮತ್ತು ಸಾಲದ ಕಂತು ಮಾತ್ರ ಎಲ್ಲರಿಗೂ ಉಳಿಯುತ್ತದೆ. ಮದರಾಸಿನಲ್ಲಿ ಕೇಂದ್ರವಿದ್ದ ಬಂಗಾಳ ಕೊಲ್ಲಿ ಕಾರ್ಯಕ್ರಮದಲ್ಲಿ ದುಡಿದ ನಾರ್ವೆಯ ದೋಣಿ ವಿನ್ಯಾಸಕ ಐವಿಂಡ್ ಗುಲ್‌ಬ್ರಾಂಡ್ಸೆನ್ 1980ರ ದಶಕದಲ್ಲೇ ಸಣ್ಣ ಮೀನುಗಾರಿಕೆ ದೋಣಿಗಳ ಇಂಧನ ಖರ್ಚು ತಗ್ಗಿಸುವುದು ಹೇಗೆಂದು ಬರೆದಿದ್ದರು. ವೇಗವನ್ನು ಸ್ವಲ್ಪ ಇಳಿಸಿ ಎಂಬುದು ಅಂಥ ಸಲಹೆಗಳಲ್ಲಿ ಅತಿ ಅಗ್ಗದ್ದು. ಪೈಪೋಟಿಯ ನಡುವೆ ಒಬ್ಬನೇ ಪಾಲಿಸುವುದು ಅತಿ ಕಷ್ಟದ್ದೂ ಹೌದು.

ಕರ್ನಾಟಕದ ಕರಾವಳಿಯಲ್ಲಿ ಈ ಬದಲಾವಣೆಯ ಹಿಂದೆ ರಂಪಣಿಯ ನೆನಪಿದೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಆ ಬಲೆಗೆ ಯಂತ್ರವೇ ಬೇಕಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು, ಜಗಳಗಳಾಗಿ, ರಂಪಣಿ ಸೊರಗಿದ ಮೇಲೆ ನಾಡದೋಣಿಯವರು ಔಟ್‌ಬೋರ್ಡಿನತ್ತ ತಿರುಗಿದರು. ಇಲ್ಲಿ ತೂಕದ ಪ್ರಶ್ನೆಗೆ ಕಾನೂನಿನದೂ ಒಂದು ಮುಖವಿದೆ. ಮಳೆಗಾಲದ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ 10 ಅಶ್ವಶಕ್ತಿಯವರೆಗಿನ ಯಂತ್ರವಿರುವ ನಾಡದೋಣಿಗಳಿಗೆ ಸರ್ಕಾರ ವಿನಾಯಿತಿ ಕೊಡುತ್ತ ಬಂದಿದೆ. ಅಮೆರಿಕದ ಸರೋವರಗಳಿಗೆಂದು ಹುಟ್ಟಿದ 9.9 ಎಂಬ ಅಂಕಿ ಹೀಗೆ ನಮ್ಮ ಕಡಲಿಗೂ ಒದಗಿತು. ಮಳೆಗಾಲದ ಕಡಲೋ, ಸಣ್ಣ ದೋಣಿಗೆ ವರ್ಷದಲ್ಲೇ ಅತಿ ಕಠಿಣವಾದದ್ದು. ಹೊಳೆ ಕಡಲನ್ನು ಸೇರುವ ಅಳಿವೆಬಾಗಿಲಿನಲ್ಲಿ ಮರಳ ದಿಬ್ಬಕ್ಕೆ ಬಡಿದು ಎದ್ದ ಅಲೆ ಮರಳಿ ಬರುವ ದೋಣಿಯ ಬೆನ್ನ ಹಿಂದಿನಿಂದಲೇ ಬರುತ್ತದೆ. ಆಗ ಶಕ್ತಿಯೂ ಬೇಕು, ಅಲೆಯ ಮುಂದೆಯೇ ಓಡುವಷ್ಟು. ಹಿಂಬದಿ ಹಗುರವಾಗಿಯೂ ಇರಬೇಕು, ಅಲೆ ಬಂದಾಗ ಮೇಲೇಳುವಷ್ಟು. ಎರಡೂ ಒಟ್ಟಿಗೆ ಸಿಗುವ ಯಂತ್ರ ಯಾವುದು ಎಂಬುದು ಅಂಗಡಿಯವನು ಕೊಡುವ ಬಣ್ಣದ ಕಾಗದದಲ್ಲಿ ಇರುವುದಿಲ್ಲ.

ಬಂದರಿನ ಆಸರೆಯಿಲ್ಲದ ಕಡೆ ದೋಣಿಯನ್ನು ಮರಳ ಮೇಲೆ ಎಳೆಯುವ ಮೊದಲು ಯಂತ್ರವನ್ನು ಬಿಚ್ಚುತ್ತಾರೆ. ಉಪ್ಪುನೀರಿಗೂ ಕಳ್ಳರಿಗೂ ಬಿಟ್ಟುಕೊಡುವಂಥ ವಸ್ತುವಲ್ಲ ಅದು. ಬೆಲೆಯಲ್ಲಿ ದೋಣಿಗೇ ಸರಿಗಟ್ಟುತ್ತದೆ. ಏಳೆಂಟು ಅಶ್ವಶಕ್ತಿಯದಾದರೆ ಒಬ್ಬನೇ ಹೆಗಲ ಮೇಲೆ ಇಟ್ಟುಕೊಂಡು, ಪ್ರೊಪೆಲ್ಲರನ್ನು ಹಿಂದಕ್ಕೆ ಮಾಡಿ, ಅಲೆ ಇಳಿದ ಗಳಿಗೆ ನೋಡಿ ದಡಕ್ಕೆ ನಡೆದುಬಿಡುತ್ತಾನೆ. 40ರದಾದರೆ ಇಬ್ಬರು ಬೇಕು, ಬೊಂಬೊಂದು ಬೇಕು, ಸೊಂಟದ ಮಟ್ಟದ ನೀರಿನಲ್ಲಿ ಇಬ್ಬರ ಹೆಜ್ಜೆಯೂ ಒಂದಾಗಬೇಕು.